ಕುರಿ ಸೂಜಿ

ಕೊರ್ಲಹಳ್ಳಿಯಲ್ಲಿ ಹುಚ್ಚಪ್ಪನ ಬಾಯಿಗೆ ಸಿಕ್ಕವರು ತೊಟ್ಟಿಲಲ್ಲಿ ಇಟ್ಟ ಹೆಸರಿನಿಂದ ಬಾಳಿದ್ದು ಕಡಿಮೆ. ಅಪ್ಪ ಅವ್ವ ಪ್ರೀತಿಯಿಂದ ಏನೇ ಕರೆದಿರಲಿ, ಹೊಳೆದಂಡೆಯ ಕಟ್ಟೆಯ ಮೇಲೆ ಕುಳಿತು ಹುಚ್ಚಪ್ಪ ಒಮ್ಮೆ ಕರೆದನೆಂದರೆ ಅದೇ ಖಾಯಂ. ಮನೆ ಕಟ್ಟುತ್ತೇನೆಂದು ಪಾಯ ತೋಡಿಸಿ, ಆ ಪಾಯದಲ್ಲಿ ಜಾಲಿ ಬೆಳೆದರೂ ಗೋಡೆ ಎಬ್ಬಿಸದ ಮಹಾದೇವ 'ಪಾಯಾದ ಮಹಾದೇವ' ಆದ. ಲಕ್ಷ್ಮೇಶ್ವರಕ್ಕೆ ಹೆಣ್ಣು ನೋಡಲು ಹೊರಟವನು ಬಸ್ಸಿನಲ್ಲಿ ನಿದ್ದೆಹೋಗಿ ಯಾವುದೋ ಊರಲ್ಲಿ ಇಳಿದು, ಹೆಣ್ಣಿನ ಮನೆಯವರನ್ನು ಸಂಜೆಯವರೆಗೆ ಕಾಯಿಸಿದ ಹನಮಂತ 'ಟಿಕೀಟು ಹನಮಂತ' ಆದ. ಈಗ ಅವನ ಮೊಮ್ಮಕ್ಕಳೂ ಶಾಲೆಯಲ್ಲಿ ಟಿಕೀಟಿನವರೇ.

ಎಲ್ಲರಿಗಿಂತ ಬಡಪಾಯಿ ಎಂದರೆ ತಿರಕಪ್ಪ. ಅವನ ಎತ್ತಿಗೆ ಒಮ್ಮೆ ಹೊಟ್ಟೆಯುಬ್ಬರ ಆಗಿತ್ತು. ದನದ ಡಾಕ್ಟರು ಕೊಟ್ಟ ಔಷಧವನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಎತ್ತಿನ ಬಾಯಿಗೆ ಹೊಯ್ಯುತ್ತಿದ್ದ. ಅಂದು ಅವನಿಗೂ ಹೊಟ್ಟೆನೋವು. ಗೊಟ್ಟದ ತಳದಲ್ಲಿ ಉಳಿದದ್ದನ್ನು ಚೆಲ್ಲುವುದೇಕೆಂದು ತಾನೇ ಗಟಗಟ ಕುಡಿದುಬಿಟ್ಟ. ಸಂಜೆಗೆ ಎತ್ತು ಎದ್ದು ಮೇವು ತಿಂದಿತು, ತಿರಕಪ್ಪ ತಂಬಿಗೆ ಹಿಡಿದು ಮನೆಗೂ ಹೊಳೆಗೂ ಅಲೆದ. ಮರುದಿನ ಹುಚ್ಚಪ್ಪ ಕಟ್ಟೆಯಿಂದಲೇ, "ಬರ್ರಿ ಗೊಟ್ಟದ ತಿರಕಪ್ಪನವರ, ಹಿಂಡಿ ತಿಂದ್ರೇನು?" ಎಂದು ಕೂಗಿದ. ಅಲ್ಲಿಗೆ ಮುಗಿಯಿತು. ಮಗಳ ಲಗ್ನಕ್ಕೆ ಬಂದ ಬೀಗರೂ "ಗೊಟ್ಟದವರ ಮನಿ ಯಾವುದ್ರಿ?" ಎಂದು ಕೇಳಿಕೊಂಡೇ ಬಂದರು. ತಿರಕಪ್ಪ ಎಲ್ಲರ ಜೊತೆ ತಾನೂ ನಕ್ಕ. ನಗದೇ ಏನು ಮಾಡಿಯಾನು? ಆದರೆ ಹಂದರದ ಹಿಂದೆ ನಿಂತು ಅವನು ಟವೆಲಿನಿಂದ ಕಣ್ಣೊರೆಸಿಕೊಂಡದ್ದನ್ನು ಹುಚ್ಚಪ್ಪನ ಹೆಂಡತಿ ಅಮೃತವ್ವ ನೋಡಿದ್ದಳು.

ಅಂದು ಮನೆಗೆ ಬಂದವಳೇ ಗಂಡನಿಗೆ ಹೇಳಿದ್ದಳು, "ಮಂದಿಗೆ ಹೆಸರಿಡೂದು ಬಿಡ್ರಿ. ನಾಳೆ ನಿಮಗೊಂದು ಬಿದ್ದೀತು."

"ನನಗ ಹೆಸರಿಡಾವ ಇನ್ನೂ ಹುಟ್ಟಬೇಕು," ಎಂದಿದ್ದ ಹುಚ್ಚಪ್ಪ.

ಮನುಷ್ಯ ಕೆಟ್ಟವನಲ್ಲ. ಬಾಯಿ ಚಾಳಿ, ಅಷ್ಟೇ. ಹೊಲ ಸ್ವಲ್ಪ, ಕುರಿ ಒಂದು ಹಿಂಡು. ಬೇಸಿಗೆಯಲ್ಲಿ ಕುರಿಗಳನ್ನು ಶಿರಹಟ್ಟಿ ಕಡೆ ಹೊಡೆದುಕೊಂಡು ಹೋಗಿ ಗೊಬ್ಬರಕ್ಕಾಗಿ ರೈತರ ಹೊಲದಲ್ಲಿ ತರುಬುತ್ತಿದ್ದ, ಮಳೆ ಬೀಳುವ ಹೊತ್ತಿಗೆ ವಾಪಸ್ಸು. ದನದ ಡಾಕ್ಟರು ಬರುವುದು ಅಪರೂಪವಾದ್ದರಿಂದ, ಅವರ ಪಕ್ಕ ನಿಂತು ನಿಂತು ಕುರಿಗೆ ಸೂಜಿ ಮಾಡುವುದನ್ನು ತಾನೇ ಕಲಿತಿದ್ದ. ಸುತ್ತಲಿನ ಕುರಿಗಾರರೆಲ್ಲ ಹುಚ್ಚಪ್ಪನ ಕೈಗುಣ ಒಳ್ಳೆಯದೆಂದು ಕರೆಯುತ್ತಿದ್ದರು. ಮನೆಯ ಗೋಡೆಯಲ್ಲಿನ ಮಾಡಿನಲ್ಲಿ ಔಷಧದ ಸಣ್ಣ ಸೀಸೆಗಳು ಸದಾ ಇರುತ್ತಿದ್ದವು. ಸೀಸೆಯೊಳಗೆ ಬಿಳಿ ಪುಡಿ, ಬಾಯಿಗೆ ಬೂದು ಬಣ್ಣದ ರಬ್ಬರ್ ಬಿರಡೆ. ನೀರು ಏರಿಸಿ, ಅಂಗೈಯಲ್ಲಿ ಹೊರಳಾಡಿಸಿ ಕರಗಿಸಿ, ಕುರಿಯ ತೊಡೆಗೆ ಚುಚ್ಚಿದರೆ ತಲೆ ಜೋತುಬಿದ್ದ ಮರಿಯೂ ಎದ್ದು ನಿಲ್ಲುತ್ತಿತ್ತು.

ಈ ವರ್ಷ ಮುಂಗಾರು ಶುರುವಾದಾಗಿನಿಂದ ಹುಚ್ಚಪ್ಪನಿಗೆ ಒಂದಕ್ಕೆ ಹೋದರೆ ಉರಿ. ಹಿಂದೆಯೇ ಚಳಿಜ್ವರ. ಅಮೃತವ್ವ ಮುಂಡರಗಿಗೆ ಹೋಗಿ ತೋರಿಸೋಣ ಎಂದಳು. ಇಂಥ ಜಾಗದ ಬೇನೆಯನ್ನು ಯಾರ ಮುಂದೆ ಬಿಚ್ಚಿ ಹೇಳುವುದು ಎಂದು ಅವನು ಕೇಳಲಿಲ್ಲ. ಒಂದು ದಿನ ಅವಳು ಹಿತ್ತಲಿನಿಂದ ಒಳಗೆ ಬಂದರೆ, ಗಂಡ ಧೋತರ ಸರಿಸಿ ತನ್ನ ತೊಡೆಗೆ ತಾನೇ ಸೂಜಿ ಚುಚ್ಚಿಕೊಳ್ಳುತ್ತಿದ್ದ.

"ಏನ್ ಮಾಡಾಕತ್ತೀರಿ? ಅದು ಕುರೀದು."

"ಕುರಿಗೆ ಹತ್ತಿದ್ದು ಕುರಿ ಕಾಯಾವಗ ಹತ್ತೂದಿಲ್ಲೇನ? ಸುಮ್ನಿರು."

ಹತ್ತಿತು. ಅದೇ ಕೆಟ್ಟದ್ದಾಯಿತು. ಒಮ್ಮೆ ಚುಚ್ಚಿಕೊಂಡರೆ ಜ್ವರ ಇಳಿಯುತ್ತಿತ್ತು. ಇಳಿದ ಕೂಡಲೇ ಉಳಿದ ಸೀಸೆಯನ್ನು ಕುರಿಗೆಂದು ಎತ್ತಿಡುತ್ತಿದ್ದ. ಸ್ವಲ್ಪ ದಿನ ಬಿಟ್ಟು ಜ್ವರ ಮತ್ತೆ ಬರುತ್ತಿತ್ತು, ಮತ್ತೆ ಒಂದು ಸೂಜಿ. ಅರ್ಧ ಕಿತ್ತ ಗರಿಕೆ ಮತ್ತೆ ಚಿಗುರುತ್ತದೆ, ಹಾಗೆ ಚಿಗುರಿದ್ದು ಮೊದಲಿನದಕ್ಕಿಂತ ಗಟ್ಟಿ ಇರುತ್ತದೆ ಎಂಬುದು ಒಕ್ಕಲುತನ ಮಾಡುವವನಿಗೆ ಹೇಳಿಕೊಡಬೇಕಾದ ಮಾತಲ್ಲ. ಆದರೆ ಹೊಲಕ್ಕೆ ಹಚ್ಚಿದ ಬುದ್ಧಿಯನ್ನು ನಾವು ಮೈಗೆ ಹಚ್ಚುವುದಿಲ್ಲ.

ಮೊದಲ ಸಲ ಸೂಜಿ ಮಾಡಿಕೊಂಡ ದಿನವೇ ಅವನು ಹೆಗಲ ಕಂಬಳಿಯನ್ನು ತೆಗೆದು ಅವಳ ಮುಂದೆ ಹಿಡಿದಿದ್ದ.

"ಇದನ್ನ ಮುಟ್ಟಿ ಹೇಳು. ಈ ಮಾತು ಹೊಸ್ತಿಲಾ ದಾಟೂದಿಲ್ಲ ಅಂತ."

"ಏನಂತಾದ್ದು ಆಗೇತಿ ಅಂತ ಆಣಿ?"

"ತಿರಕ್ಯಾಗ ಗೊತ್ತಾದ್ರ ನನ್ನ ಗತಿ ಏನು? ಊರೆಲ್ಲ ಏನ್ ಕರದೀತು ನನ್ನ? ಮುಟ್ಟು."

ಆಡಿಕೊಳ್ಳುವವರ ಮುಂದೆ ಎಡವಿಬಿದ್ದ ಹಾಗೆ ಎನ್ನುತ್ತಾರೆ. ಊರೆಲ್ಲರನ್ನು ಆಡಿಕೊಂಡವನೇ ಎಡವಿದರೆ ಅವನಿಗೆ ಎಷ್ಟು ಅಂಜಿಕೆ ಇರಬೇಡ. ಹಾಲುಮತದವರ ಮನೆಯಲ್ಲಿ ಕಂಬಳಿ ಎಂದರೆ ಹೊದಿಕೆಯಷ್ಟೇ ಅಲ್ಲ, ದೇವರು ಕೂರುವ ಗದ್ದುಗೆ. ಅದನ್ನು ಮುಟ್ಟಿ ಆಡಿದ ಮಾತಿಗೆ ತಪ್ಪಿದವರನ್ನು ಅಮೃತವ್ವ ತನ್ನ ತವರಲ್ಲೂ ಕಂಡಿರಲಿಲ್ಲ, ಇಲ್ಲೂ ಕಂಡಿರಲಿಲ್ಲ. ಮನಸ್ಸು ಒಪ್ಪದಿದ್ದರೂ ಕೈ ಚಾಚಿ ಮುಟ್ಟಿದಳು.

ದಸರೆ ಕಳೆದು ಉಳ್ಳಾಗಡ್ಡಿ ಕೀಳುವ ದಿನಗಳಲ್ಲಿ ಜ್ವರ ಬಂದದ್ದು ಮೊದಲಿನ ಹಾಗೆ ಬರಲಿಲ್ಲ. ಚುಚ್ಚಿಕೊಂಡ ಸೂಜಿ ಈ ಸಲ ಏನೂ ಮಾಡಲಿಲ್ಲ. ಮರುದಿನ ಇನ್ನೊಂದು ಚುಚ್ಚಿಕೊಂಡ, ಅದೂ ದಂಡವಾಯಿತು. ಮುಂಜಾನೆ ಹೊತ್ತಿಗೆ ಸೊಂಟ ಹಿಡಿದುಕೊಂಡು ಹಲ್ಲು ಕಟಕಟಿಸುತ್ತಿದ್ದ. ಮಾತು ತೊದಲುತ್ತಿತ್ತು, ಕೈಕಾಲು ತಣ್ಣಗೆ. ಅಮೃತವ್ವ ಓಡಿದ್ದು ತಿರಕಪ್ಪನ ಮನೆಗೇ. ಊರಲ್ಲಿ ಆ ಹೊತ್ತಿಗೆ ಗಾಡಿ ಇದ್ದದ್ದು ಅವನದೇ, ಉಳ್ಳಾಗಡ್ಡಿ ಸಾಗಿಸುವ ಟಾಟಾ ಏಸ್. ತುಂಬಿದ್ದ ಚೀಲಗಳನ್ನು ತಿರಕಪ್ಪ ದಾರಿಯಲ್ಲೇ ಇಳಿಸಿ, ಹಿಂದೆ ಹಾಸಿಗೆ ಹಾಸಿ, ಗೆಳೆಯನನ್ನು ಎತ್ತಿ ಮಲಗಿಸಿದ.

"ಹೆದರಬ್ಯಾಡ ತಂಗಿ. ಇಂವ ಯಮಗೂ ಒಂದು ಹೆಸರಿಟ್ಟು ಹೊಳ್ಳಿ ಬರಾವ."

ಮುಂಡರಗಿಯಲ್ಲಿ ಸಲಾಯಿನ್ ಹಚ್ಚಿ, ಬಿಪಿ ಕೆಳಗಿದೆ, ಇಲ್ಲಿ ನಿಲ್ಲಿಸಬೇಡಿ ಎಂದರು. ಅಲ್ಲಿಂದ ಅಂಬುಲೆನ್ಸು. ಅದರ ಬೆನ್ನಿಗೇ ತಿರಕಪ್ಪನ ಗಾಡಿ. ಕಪ್ಪತಗುಡ್ಡದ ಮೇಲಿನ ಗಾಳಿಫ್ಯಾನುಗಳು ಎಂದಿನಂತೆ ನಿಧಾನಕ್ಕೆ ತಿರುಗುತ್ತಿದ್ದವು. ಗದಗಿನ ದವಾಖಾನೆಯ ಬಾಗಿಲಲ್ಲಿ ಮಗಳು ಶಿವಲಕ್ಷ್ಮಿ ಆಗಲೇ ಬಂದು ನಿಂತಿದ್ದಳು. ಬೆಟಗೇರಿಯಲ್ಲಿ ಅವಳ ಗಂಡ ಆಟೋ ಓಡಿಸುತ್ತಾನೆ.

ತುರ್ತು ವಾರ್ಡಿನ ಡಾಕ್ಟರು ಶಿವರಂಜನಿ ಎಂಬಾಕೆ. ಲಕ್ಷ್ಮೇಶ್ವರದ ವ್ಯಾಪಾರಸ್ಥರ ಮನೆಯ ಹುಡುಗಿ, ನಮ್ಮ ಕಡೆಯ ಮಾತೇ ಆಡುತ್ತಿದ್ದಳು. ಹುಚ್ಚಪ್ಪನ ಕೈ ಹಿಡಿದು ನೋಡಿ, ಬಿಪಿ ನೋಡಿ, ನರ್ಸಿಗೆ ಏನೇನೋ ಹೇಳುತ್ತಲೇ ಅಮೃತವ್ವನ ಕಡೆ ತಿರುಗಿದಳು. ತಿರಕಪ್ಪ ಅಮೃತವ್ವನ ಪಕ್ಕದಲ್ಲೇ ಹಾಸಿಗೆಯ ಚೀಲ ಹಿಡಿದು ನಿಂತಿದ್ದ.

"ಅವ್ವಾರ, ರಕ್ತದಾಗ ನಂಜು ಏರೇತಿ. ಮೂತ್ರದ ದಾರ್ಯಾಗ ಹುಟ್ಟಿದ ಸೋಂಕು ರಕ್ತಕ್ಕ ಸೇರಿದಂಗ ಕಾಣತೈತಿ. ಯಾವ ಡಾಕ್ಟರ ಕಡೆ ತೋರಿಸಿದ್ರಿ ಇಷ್ಟು ದಿನ?"

"ಯಾರ ಕಡೆನೂ ಇಲ್ರಿ ಬಾಯಾರ."

ಅದು ಖರೆ.

"ಗುಳಗಿ, ಸೂಜಿ ಏನರ ತಗೊಂಡಾರೇನು, ಈ ಎರಡು ಮೂರು ತಿಂಗಳದಾಗ? ನೆನಪು ಮಾಡಿಕೊಂಡು ಹೇಳ್ರಿ."

ಅಮೃತವ್ವ ಗಂಡನ ಮುಖ ನೋಡಿದಳು. ಅರ್ಧ ಕಣ್ಣು ತೆರೆದು ಅವನು ಅವಳನ್ನೇ ನೋಡುತ್ತಿದ್ದ. ಆಮೇಲೆ ಅವನ ನೋಟ, ಹೊರಡುವಾಗ ಅವಳು ಹೆಗಲಿಗೆ ಹಾಕಿಕೊಂಡು ಬಂದಿದ್ದ ತನ್ನ ಕಂಬಳಿಗೆ ಹೋಯಿತು. ಪಕ್ಕದಲ್ಲಿ ತಿರಕಪ್ಪ.

"ಇಲ್ರಿ. ಏನೂ ಇಲ್ಲ."

ಡಾಕ್ಟರು ಮತ್ತೂ ಕೇಳಿದಳು. ಸಕ್ಕರೆ ಕಾಯಿಲೆ ಇದೆಯೇ, ಹಿಂದೆ ಎಂದಾದರೂ ದವಾಖಾನೆ ಸೇರಿದ್ದರೇ, ಮನೆಯಲ್ಲಿ ಬೇರೆ ಯಾರಿಗೆ ಜ್ವರ. ಎಲ್ಲಕ್ಕೂ ಇಲ್ಲ ಎಂಬುದೇ ಉತ್ತರ. ರಕ್ತ ತೆಗೆದು ತಪಾಸಣೆಗೆ ಕಳಿಸಿದರು. ಯಾವ ರೋಗದ ಜಂತು, ಅದಕ್ಕೆ ಯಾವ ಔಷಧ ನಾಟುತ್ತದೆ ಎಂಬುದು ಆ ರಿಪೋರ್ಟಿನಿಂದ ತಿಳಿಯುತ್ತದೆ, ಆದರೆ ಜಂತು ಬೆಳೆದು ರಿಪೋರ್ಟು ಬರಲು ಎರಡು ದಿನವಾದರೂ ಬೇಕು, ಅಲ್ಲಿಯವರೆಗೆ ಕಾಯಲು ಆಗುವುದಿಲ್ಲ ಎಂದು ಡಾಕ್ಟರು ಶಿವಲಕ್ಷ್ಮಿಗೆ ತಿಳಿಸಿ ಹೇಳಿದಳು. "ಈಗಽ ಒಂದು ಆರಿಸಿ ಹಾಕಬೇಕು. ಸಾಮಾನ್ಯ ಇಂಥಾದ್ದಕ್ಕ ನಾಟೂ ಔಷಧ ಒಂದೈತಿ, ಅದನ್ನ ಹಚ್ಚತೀನಿ. ಇದಕ್ಕಿಂತ ದೊಡ್ಡದೂ ಐತಿ. ಆದ್ರ ಅದನ್ನ ಬಂದವರಿಗೆಲ್ಲ ಮೊದಲಽ ಹಾಕಿಬಿಟ್ರ ನಾಳೆ ಅದೂ ಯಾರಿಗೂ ನಾಟೂದಿಲ್ಲ. ಅಪ್ಪಾರು ಯಾವ ಔಷಧಾನೂ ತಗೊಂಡಿಲ್ಲ ಅಂತೀರಲ್ಲ, ಇದು ನಾಟಬೇಕು. ಸಲಾಯಿನ್‌ಗೆ ಬಿಪಿ ಸ್ವಲ್ಪ ಏರಾಕತ್ತೈತಿ."

ಡಾಕ್ಟರು ಅತ್ತ ಹೋದಮೇಲೆ ಹುಚ್ಚಪ್ಪ ತುಟಿ ಅಲ್ಲಾಡಿಸಿದ. ಅಮೃತವ್ವ ಬಾಗಿ ಕಿವಿಗೊಟ್ಟಳು.

"ಎಷ್ಟ್ ಕೇಳತಾಳ ಈಕಿ, ಮನಿಮನಿ ಗಣತಿಗೆ ಬಂದಾಕಿ ಹಂಗ. ಗಣತಿ ಬಾಯಿ."

ಹಾಸಿಗೆ ಹಿಡಿದಾಗಲೂ ಬಾಯಿ ಸುಮ್ಮನಿಲ್ಲ. ಅಮೃತವ್ವನಿಗೆ ನಗೆಯೂ ಬಂತು, ಸಿಟ್ಟೂ ಬಂತು. ಹೆಸರಿಡುವಷ್ಟು ತ್ರಾಣ ಇದೆಯಲ್ಲ ಎಂದು ಜೀವಕ್ಕೆ ಸಮಾಧಾನವೂ ಆಯಿತು.

ಆಗಲೇ ನರ್ಸು ಒಂದು ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿ ಒಂದು ಸಣ್ಣ ಸೀಸೆ. ಒಳಗೆ ಬಿಳಿ ಪುಡಿ, ಬಾಯಿಗೆ ಬೂದು ರಬ್ಬರ್ ಬಿರಡೆ. ನರ್ಸು ನೀರು ಏರಿಸಿ, ಅಂಗೈಯಲ್ಲಿ ಹೊರಳಾಡಿಸಿ ಕರಗಿಸಿದಳು. ಅಮೃತವ್ವನಿಗೆ ಓದು ಬಾರದು. ಆದರೆ ಮಾಡಿನಲ್ಲಿ ದಿನಾ ಕಾಣುವ ವಸ್ತುವಿನ ಗುರುತು ಹಿಡಿಯಲು ಓದು ಬೇಕಿಲ್ಲ. ಆದರೂ ಖಾತ್ರಿಗೆಂದು ಮಗಳಿಗೆ ಕೇಳಿದಳು, "ಅದರ ಮ್ಯಾಲಿನ ಹೆಸರು ಓದು ನೋಡೋಣು." ಶಿವಲಕ್ಷ್ಮಿ ಓದಿದಳು. ಔಷಧದಂಗಡಿಗೆ ಹೋಗುವಾಗೆಲ್ಲ ಮರೆಯದಿರಲೆಂದು ಹುಚ್ಚಪ್ಪ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ ಹೆಸರೇ ಅದು. ಕಂಪನಿ ಬೇರೆ ಇದ್ದೀತು, ಔಷಧ ಅದೇ.

ಅಮೃತವ್ವನ ಎದೆಯ ಮೇಲಿನ ಕಲ್ಲು ಇಳಿಯಿತು. ಇಷ್ಟು ಓದಿದ ಡಾಕ್ಟರು ಬಂದು ಕೊಟ್ಟದ್ದೂ ಅದನ್ನೇ. ಹಾಗಾದರೆ ತನ್ನ ಗಂಡ ಮಾಡಿದ್ದು ತಪ್ಪೇನಿರಲಿಲ್ಲ, ಕುರಿಗೂ ಮನುಷ್ಯರಿಗೂ ಔಷಧ ಒಂದೇ, ಅವನು ಸ್ವಲ್ಪ ಸ್ವಲ್ಪ ಹಾಕಿಕೊಂಡ, ಇವರು ಸರಿಯಾಗಿ ಹಾಕುತ್ತಾರೆ. ಇನ್ನು ಹೇಳಲು ಏನು ಉಳಿಯಿತು? ಇದೇ ಔಷಧ ಮೊದಲೇ ಹಾಕಿಕೊಂಡಿದ್ದ ಎಂದರೆ ಇವರು ನಕ್ಕಾರು, ಅಷ್ಟೇ. ಆಣೆಯೂ ಉಳಿಯಿತು, ಗಂಡನ ಮಾನವೂ ಉಳಿಯಿತು. ಹೀಗೆ ಎಣಿಸಿ, ಅಂದು ಮುಂಜಾನೆಯಿಂದ ನೀರೂ ಕುಡಿಯದವಳು ತಿರಕಪ್ಪ ತಂದ ಚಹಾ ಕುಡಿದಳು. ಅಯ್ಯೋ ಹುಚ್ಚಿ, ಅದೇ ಔಷಧ ಎಂಬುದೇ ಹೇಳಬೇಕಾಗಿದ್ದ ಮಾತು. ಆ ಜಂತು ಆ ಔಷಧವನ್ನು ತಿಂಗಳುಗಟ್ಟಲೆ ನೋಡಿ, ಅದರ ಕೈಯಿಂದ ತಪ್ಪಿಸಿಕೊಂಡು ಬೆಳೆದದ್ದಾಗಿತ್ತು. ಆದರೆ ಅದನ್ನು ಅವಳಿಗೆ ಯಾರು ಹೇಳಿದ್ದರು?

ಅಂದು ಸಂಜೆಯವರೆಗೆ ಬಿಪಿ ಇಳಿಯದೆ ನಿಂತಿತ್ತು. ಡಾಕ್ಟರು ಎರಡು ಸಲ ಬಂದು ನೋಡಿ ಹೋದಳು. ಮರುದಿನ ಮುಂಜಾನೆ ಅಮೃತವ್ವ ಒಳಗೆ ಹೋದಾಗ ಹುಚ್ಚಪ್ಪನ ಕೈ ಮಣಿಕಟ್ಟಿನವರೆಗೂ ತಣ್ಣಗಾಗಿತ್ತು. ಉಸಿರು ಮೇಲೆ ಮೇಲೆ. ಬಿಪಿ ಏರಿಸಲು ಬೇರೊಂದು ಔಷಧ ಯಂತ್ರದಿಂದ ಹನಿಹನಿಯಾಗಿ ಇಳಿಯುತ್ತಿತ್ತು. ಉಚ್ಚೆಯ ಚೀಲ ಖಾಲಿ. ಡಾಕ್ಟರು ಶಿವರಂಜನಿ ಹಾಸಿಗೆಯ ಪಕ್ಕ ನಿಂತಿದ್ದಳು. ತಿರಕಪ್ಪ ಹಾಲು ತರಲು ಹೊರಗೆ ಹೋಗಿದ್ದ.

"ಹಿಂಗ ಆಗಬಾರದಾಗಿತ್ರಿ ಅವ್ವಾರ. ನಿನ್ನೆ ಹಾಕಿದ ಔಷಧ ಯಾಕೋ ಕೆಲಸಾನಽ ಮಾಡಿಲ್ಲ. ಮೊದಲಽ ಆ ಔಷಧ ಮೈಗೆ ಬಿದ್ದಿದ್ರ ಹಿಂಗಾಗತೈತಿ. ಖರೇನಽ ಏನೂ ತಗೊಂಡಿರಲಿಲ್ಲೇನು?"

ಮೊದಲೇ ಆ ಔಷಧ ಬಿದ್ದಿದ್ದರೆ. ಅಮೃತವ್ವ ಹೆಗಲ ಮೇಲಿನ ಕಂಬಳಿಯನ್ನು ತೆಗೆದಳು. ನಾಲ್ಕು ಮಡಿಕೆ ಮಾಡಿ ಗೋಡೆಯ ಬದಿಯ ಕುರ್ಚಿಯ ಮೇಲೆ ಇಟ್ಟು, ಅದಕ್ಕೆ ಕೈಮುಗಿದು, ಬರಿ ಹೆಗಲಲ್ಲಿ ಡಾಕ್ಟರ ಮುಂದೆ ಬಂದು ನಿಂತಳು.

"ತಗೊಂಡಿದ್ರು ಬಾಯಾರ. ಮಳಿ ಚಾಲೂ ಆದಾಗಿಂದ ತಗೊಳ್ಳಾಕತ್ತಿದ್ರು. ನೀವು ನಿನ್ನೆ ಹಾಕಿದ್ರಲ್ಲ, ಅದಽ. ಕುರಿಗೆ ಅಂತ ತಂದಿಟ್ಟಿದ್ದು. ತಾವಽ ಚುಚಗೊತಿದ್ರು. ಜ್ವರ ಬಿಟ್ಟ ಕೂಡಲೇ ಬಿಡತಿದ್ರು."

"ನಿನ್ನೆ ಹೇಳಿ..." ಎಂದ ಡಾಕ್ಟರು ಅಲ್ಲಿಗೇ ನಿಲ್ಲಿಸಿದಳು. ಬೈಯಲಿಲ್ಲ. ನರ್ಸಿನ ಕಡೆ ತಿರುಗಿ ಇನ್ನೊಂದು ಔಷಧದ ಹೆಸರು ಹೇಳಿ, ರಿಪೋರ್ಟಿಗೆ ಕಾಯುವುದು ಬೇಡ, ಓಡು ಎಂದಳು. ಆ ದೊಡ್ಡ ಔಷಧ ಬಂದು ಹುಚ್ಚಪ್ಪನ ನರಕ್ಕೆ ಇಳಿಯುವುದನ್ನು ಅಮೃತವ್ವ ಕಣ್ಣು ಮಿಟುಕಿಸದೆ ನೋಡಿದಳು. ಬಾಗಿಲ ಹತ್ತಿರ ಡಾಕ್ಟರು ಅವಳ ಭುಜ ಹಿಡಿದು, "ನಂದೂ ತಪ್ಪೈತ್ರಿ. ನಮ್ಮಜ್ಜಾರ ಹಳ್ಳ್ಯಾಗೂ ಕುರಿ ಅದಾವು. ಕುರಿ ಔಷಧ ಹಾಕ್ಕೊಂಡಾರೇನು ಅಂತ ಬಿಡಿಸಿ ಕೇಳಬೇಕಿತ್ತು. ಕೇಳಲಿಲ್ಲ ನಾನು," ಎಂದಳು.

ಮಧ್ಯಾಹ್ನ ಹುಚ್ಚಪ್ಪ ಒಮ್ಮೆ ಕಣ್ಣು ಬಿಟ್ಟ. ಮೂಗಿಗೆ ಹಚ್ಚಿದ ನಳಿಗೆಯಿಂದಾಗಿ ಅವನ ಮಾತು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ಅವಳ ಹೆಗಲು ನೋಡಿದ. ಕಂಬಳಿ ಇರಲಿಲ್ಲ.

"ಗಣತಿ ಬಾಯಿ ಮುಂದ... ಹೇಳಿದೇನು?"

ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಅಮೃತವ್ವ ಗಂಡನಿಗೆ ಸುಳ್ಳು ಹೇಳಿದ್ದು ಇಲ್ಲವೆಂದಲ್ಲ. ಸಂತೆಯಲ್ಲಿ ಕೊಂಡ ಕುಪ್ಪಸದ ಬೆಲೆ, ತವರಿಗೆ ಕೊಟ್ಟ ಜೋಳ, ಅಂಥವು. ಈ ಸುಳ್ಳು ಅಂಥದ್ದಲ್ಲ.

"ಇಲ್ರಿ. ಯಾರ ಮುಂದೂ ಹೇಳಿಲ್ಲ. ಸೆಕೆ ಅಂತ ಕಂಬಳಿ ತಗದಿಟ್ಟೀನಿ."

ಅವನ ಮುಖ ಸಡಿಲಾಯಿತು. "ಶಾಣ್ಯಾಕಿ," ಎಂದ. ಅಷ್ಟೊಂದು ಮೆಚ್ಚಿ ಅವನು ಅವಳಿಗೆ ಹೇಳಿದ್ದು ಕಡಿಮೆಯೇ. ಆ ಮೆಚ್ಚುಗೆಯನ್ನು ಕೇಳಿಸಿಕೊಂಡು ನಿಂತಷ್ಟು ಹೊತ್ತು ಅವಳಿಗೆ ಸತ್ತುಹೋಗಬೇಕು ಎನಿಸಿತು.

ಆಮೇಲೆ ಅವನು ಮಾತಾಡಲಿಲ್ಲ. ಕಿಡ್ನಿ ನಿಂತಿತು, ಉಸಿರಿಗೆ ಯಂತ್ರ ಹಾಕಿದರು. ಮರುದಿನ ಬಿಸಿಲೇರುವ ಹೊತ್ತಿಗೆ ಜೀವ ಹೋಯಿತು. ಶಿವಲಕ್ಷ್ಮಿ ಅಪ್ಪನ ಕಾಲು ಹಿಡಿದು ಹೊರಳಾಡಿ ಅತ್ತಳು. ತಿರಕಪ್ಪ ಗೋಡೆಗೆ ಹಣೆ ಹಚ್ಚಿ ನಿಂತ. ಅಮೃತವ್ವನಿಗೆ ಮಾತ್ರ ಕಣ್ಣೀರು ಬರಲಿಲ್ಲ. ಹೆಣ ಸಾಗಿಸುವ ಗಾಡಿ ಬರುವಷ್ಟರಲ್ಲಿ ಅವಳು ಡಾಕ್ಟರನ್ನೇ ಹುಡುಕಿಕೊಂಡು ಹೋದಳು. ಶಿವರಂಜನಿಯ ಕೈಯಲ್ಲಿ ಆಗಷ್ಟೇ ಬಂದ ರಿಪೋರ್ಟಿತ್ತು.

"ಏನೈತಿ ಬಾಯಾರ ಅದರಾಗ?"

"ಮೊದಲನೇ ಔಷಧ ಅದಕ್ಕ ನಾಟೂದಿಲ್ಲಂತ ಐತಿ," ಎಂದಳು ಡಾಕ್ಟರು. ರಿಪೋರ್ಟನ್ನು ಮಡಚಿ, "ಎರಡನೇದು ನಾಟತಿತ್ತು," ಎಂದಳು.

"ಬಂದ ದಿನಽ ಹೇಳಿದ್ರ ಉಳೀತಿದ್ರೇನು?"

ಇಲ್ಲ ಎಂದುಬಿಟ್ಟಿದ್ದರೆ ಎಷ್ಟು ಸುಲಭವಿತ್ತು. ಡಾಕ್ಟರಾದವರು ಅಂಥ ಸುಳ್ಳನ್ನು ದಿನಕ್ಕೆ ಹತ್ತು ಹೇಳುತ್ತಾರೆ, ಅದು ಪುಣ್ಯದ ಸುಳ್ಳು. ಆದರೆ ಮುಂದೆ ನಿಂತಿದ್ದ ಹೆಂಗಸಿನ ಕಣ್ಣು ನೋಡಿ ಶಿವರಂಜನಿಗೆ ಅದು ಬಾಯಿಗೆ ಬರಲಿಲ್ಲ.

"ಉಳೀತಿದ್ರು ಅಂತ ಖಾತ್ರಿ ಹೇಳಾಕ ಆಗೂದಿಲ್ರಿ. ನಂಜು ಭಾಳ ಏರಿತ್ತು. ಆದ್ರ ಒಂದು ಹಗಲು, ಒಂದು ರಾತ್ರಿ ನಮಗ ಸಿಗತಿತ್ತು. ಇಂಥಾ ಬ್ಯಾನ್ಯಾಗ ಅದು ಭಾಳ ದೊಡ್ಡದು."

ಅಮೃತವ್ವ ತಲೆಯಾಡಿಸಿದಳು. ಕುರ್ಚಿಯ ಮೇಲೆ ಇಟ್ಟಿದ್ದ ಕಂಬಳಿಯನ್ನು ತಂದು, ಅದರಲ್ಲೇ ಗಂಡನನ್ನು ಸುತ್ತಿ ಊರಿಗೆ ಒಯ್ದಳು. ಅದನ್ನು ಅವನ ಜೊತೆಗೇ ಮಣ್ಣಿಗೆ ಇಟ್ಟರು.

ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಬಂದಮೇಲೆ ಮಂದಿ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕುಳಿತಿದ್ದರು. ಪಾಯಾದ ಮಹಾದೇವ, ಟಿಕೀಟು ಹನಮಂತ, ಇನ್ನೂ ಹಲವರು. ಹುಚ್ಚಪ್ಪ ಇಟ್ಟ ಹೆಸರುಗಳೆಲ್ಲ ಅವನ ಪಡಸಾಲೆಯಲ್ಲೇ ಸಾಲಾಗಿ ಕುಳಿತಂತೆ ಇತ್ತು. ತಿರಕಪ್ಪ ಬಾಗಿಲ ಬಳಿ ಕುಳಿತು ಬಂದವರಿಗೆ ನೀರು ಕೊಡುತ್ತಿದ್ದ.

"ಗಟ್ಟಿ ಆಳು. ಏನಾಗಿತ್ತಂತ?" ಎಂದು ಯಾರೋ ಕೇಳಿದರು.

"ಬಿಪಿ ಕಡಿಮಿ ಆತಂತ," ಎಂದ ತಿರಕಪ್ಪ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಒಳಗೆ ಕುಳಿತಿದ್ದ ಅಮೃತವ್ವ ಎದ್ದು ಪಡಸಾಲೆಯ ಬಾಗಿಲಿಗೆ ಬಂದಳು. ಇಂಥ ಹೊತ್ತಿನಲ್ಲಿ ಹೆಂಗಸು ಗಂಡಸರ ನಡುವೆ ಬಂದು ನಿಲ್ಲುವ ರೂಢಿಯಿಲ್ಲ. ಮಗಳು ಹಿಂದಿನಿಂದ ಸೆರಗು ಜಗ್ಗಿದಳು, ಅವಳು ಬಿಡಿಸಿಕೊಂಡಳು.

"ಬಿಪಿ ಅಲ್ಲ. ಕುರಿ ಸೂಜಿ ಮಾಡ್ಕೊತಿದ್ರು, ತಮಗ ತಾವಽ. ಜ್ವರ ಬಂದಾಗೊಮ್ಮೆ. ಅದನ್ನ ಹೋದ ದಿನಽ ಡಾಕ್ಟರ ಮುಂದ ನಾ ಹೇಳಲಿಲ್ಲ. ಹೇಳಬ್ಯಾಡ ಅಂತ ಕಂಬಳಿ ಮುಟ್ಟಿಸಿಕೊಂಡಿದ್ರು. ಗೊತ್ತಾದ್ರ ನೀವೆಲ್ಲ ನಗತೀರಿ ಅಂತ. ಅದಕ್ಕ ಹೋದ್ರು."

ಹೇಳಿ ಮುಗಿಸಿ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ನಗೆಗೆ ಕಾಯುತ್ತಿದ್ದಳು. ಯಾವ ನಗೆಗೆ ಅಂಜಿ ತನ್ನ ಗಂಡ ಪ್ರಾಣ ಬಿಟ್ಟನೋ, ಅದು ಎಂಥದೆಂದು ಒಮ್ಮೆ ನೋಡಿಯೇಬಿಡೋಣ ಎಂಬ ಹಟ ಅವಳಿಗೆ. ನಗಲಿ, ಹೆಸರಿಡಲಿ.

ಯಾರೂ ನಗಲಿಲ್ಲ. ಮಹಾದೇವ ಜಮಖಾನೆಯ ಎಳೆ ಕೀಳುತ್ತಾ ಕುಳಿತ. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹನಮಂತ ಕೆಮ್ಮಿ, ನೆಲ ನೋಡುತ್ತಲೇ ಬಾಯಿಬಿಟ್ಟ.

"ನಮ್ಮನ್ಯಾಗೂ ಅದಽ ಸೀಸೆ ಅದಾವ ಯವ್ವಾ. ಹೋದ ವಾರ ಸೊಸಿಗೆ ಜ್ವರ ಬಂದಾಗ ನಾನಽ ಮಾಡೇನಿ. ಈಗ ಮತ್ತ ಬಂದೈತಿ."

"ಎದ್ದೇಳು," ಎಂದಳು ಅಮೃತವ್ವ. "ಈಗಽ ಕರಕೊಂಡು ಹೋಗು. ಹೋದ ಕೂಡಲೇ ಹೇಳು. ಅವರು ಕೇಳೂತನಾ ಕಾಯಬ್ಯಾಡ."

ಹನಮಂತ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದ. ಅವನ ಹಿಂದೆ ಇನ್ನೂ ಇಬ್ಬರು, ಕಾರಣ ಹೇಳದೆ, ಎದ್ದು ಹೋದರು.

ಅಮೃತವ್ವ ತಿರಕಪ್ಪನನ್ನು ನೋಡಿದಳು. ಈ ಪಡಸಾಲೆಯಲ್ಲಿ ನಗುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವನಿಗೆ. ಅವನು ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟ. ಅವನ ಕಣ್ಣು ತುಂಬಿದ್ದವು, ಈ ಸಲ ಟವೆಲು ಹುಡುಕಲಿಲ್ಲ.

"ಬಾಜೂಕಽ ನಿಂತಿದ್ನಲ್ಲ ತಂಗಿ ನಾನು. ಗುಟ್ಟಿಲೆ ಒಂದು ಮಾತು ನನಗರ ಹೇಳಬಾರದಾಗಿತ್ತೇನು? ನಾನಽ ಚುಚ್ಚೀನ್ರಿ ಬಾಯಾರ, ತಿಳೀಲಾರದ ಚುಚ್ಚೀನಿ ಅಂತ ಹೇಳತಿದ್ದೆ. ಗೊಟ್ಟದ ತಿರಕಪ್ಪ ಅಂದ್ರ ಊರೆಲ್ಲ ನಂಬತಿತ್ತು. ನನಗಿದ್ದ ಹೆಸರಿನ ಕೂಡ ಇನ್ನೊಂದು."

ದವಾಖಾನೆಯಲ್ಲಿ ಬಾರದ ಅಳು ಅಮೃತವ್ವನಿಗೆ ಆಗ ಬಂತು. ಬಾಗಿಲಲ್ಲೇ ಕುಸಿದು ಕುಳಿತು, ಸೆರಗನ್ನು ಬಾಯಿಗೆ ಒತ್ತಿಕೊಳ್ಳದೆ, ಊರಿಗೆಲ್ಲ ಕೇಳುವಂತೆ ಅತ್ತಳು. ತಿರಕಪ್ಪ ಎದ್ದು ಬಂದು ಅವಳ ಪಕ್ಕದಲ್ಲಿ ಕುಳಿತ.